ನಾಯಿಯ ಔಷಧದಲ್ಲಿ ಬೆಕ್ಕಿನ ಪಾಲು

ಯಾವ ಜೀವಿಯೂ ಈ ಭೂಮಿಯ ಮೇಲೆ ಒಂಟಿಯಾಗಿ ಬದುಕಲಾರದು. ಒಂದು ಇನ್ನೊಂದರ ಆಸರೆಯಲ್ಲಿ, ಅದು ಮತ್ತೊಂದರ ಆಸರೆಯಲ್ಲಿ ಬಾಳುವುದೇ ಸೃಷ್ಟಿಯ ನಿಯಮ. ಈ ಸತ್ಯದ ಸಾಕ್ಷಾತ್ಕಾರ ನನಗಾದದ್ದು ಯಾವ ಮಠದ ಕಟ್ಟೆಯ ಮೇಲೂ ಅಲ್ಲ. ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನಾಯಿಯ ಎಡಗಿವಿಯನ್ನು ಮಗುಚಿ ನೋಡಿದಾಗ. ಒಳಗೆ ಉಣ್ಣಿಗಳು ಔಡಲ ಬೀಜದಂತೆ ಉಬ್ಬಿ, ಸಾಲು ಹಿಡಿದು ಕೂತು, ಯಾರ ಹಂಗೂ ಇಲ್ಲದೆ ರಕ್ತ ಕುಡಿಯುತ್ತಿದ್ದವು.

ನೌಕರಿಯಿಂದ ನಿವೃತ್ತನಾದವನಿಗೆ ನಾಯಿಯ ಕಿವಿ ನೋಡುವಷ್ಟು ಪುರುಸೊತ್ತು ಇರುತ್ತದೆ. ಬಲಗಿವಿಯನ್ನೂ ನೋಡಿದೆ. ಅಲ್ಲಿಯೂ ಪಂಕ್ತಿ ಕೂತಿತ್ತು.

ಉಣ್ಣಿಗಳು ಎಲ್ಲಿಂದ ಬಂದವೆಂಬುದರಲ್ಲಿ ಸಂಶಯವಿರಲಿಲ್ಲ. ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಔರಾದ ತಾಲೂಕಿನ ಸಂತಪುರದ ಹತ್ತಿರವಿರುವ ನನ್ನ ಭಾವಮೈದುನನ, ಅಂದರೆ ಹೆಂಡತಿಯ ತಮ್ಮನ ಹೊಲಕ್ಕೆ ಹೋಗಿದ್ದೆವು. ಆ ದಿನ ಬೀದರ ಜಿಲ್ಲೆಯಲ್ಲಿ ಊರೊಳಗೆ ಉಳಿಯುವವರು ಕಾಯಿಲೆಯವರು ಮತ್ತು ಕಳ್ಳರು ಮಾತ್ರ. ಉಳಿದವರೆಲ್ಲ ಹೊಲದಲ್ಲಿ ಕೂತು ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಉಂಡು, ಅಂಬಲಿ ಕುಡಿದು, ಮರದ ಕೆಳಗೆ ಮಲಗುತ್ತಾರೆ. ಊಟಕ್ಕೆ ಮೊದಲು ಹೊಲದ ಸುತ್ತ ಚರಗ ಚೆಲ್ಲುವುದು ಪದ್ಧತಿ: ಕಣ್ಣಿಗೆ ಕಾಣುವ, ಕಾಣದ ಸಕಲ ಜೀವಿಗಳಿಗೂ ಅನ್ನದ ಪಾಲು. ಸಕಲ ಜೀವಿಗಳು ಉಂಡವು. ಕೆಲವಕ್ಕೆ ಅಷ್ಟರಿಂದ ತೃಪ್ತಿಯಾಗದೆ, ದನದ ಕೊಟ್ಟಿಗೆಯಲ್ಲಿ ಮಲಗಿದ್ದ ನಮ್ಮ ನಾಯಿಯನ್ನು ಏರಿ ಭಾಲ್ಕಿಗೆ ಬಂದವು.

ನಮ್ಮ ಮನೆಯಲ್ಲಿರುವವರು ಮೂವರು: ನಾನು, ನನ್ನ ಹೆಂಡತಿ, ನನ್ನ ಅಕ್ಕ. ಮನೆಯ ಯಜಮಾನ ನಾನು ಎಂದು ಪಡಿತರ ಚೀಟಿಯಲ್ಲಿ ಬರೆದಿದೆ. ಅದನ್ನು ಓದಿದವರು ಯಾರೂ ಇಲ್ಲ. ಆಡಳಿತ ಅಕ್ಕನದು. ಗಂಡ ತೀರಿಕೊಂಡ ಮೇಲೆ ಈ ಮನೆಗೆ ಬಂದ ಅಕ್ಕ, ಬಂದ ಮರುದಿನವೇ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಸಂವಿಧಾನವನ್ನು ಸಾರಿದ್ದಳು. ಅದರಲ್ಲಿ ಒಂದೇ ಕಲಮು: ಪಂಕ್ತಿಭೇದ ಕೂಡದು. ಒಬ್ಬರಿಗೆ ಬಡಿಸಿದ್ದನ್ನು ಎಲ್ಲರಿಗೂ ಬಡಿಸಬೇಕು. ಬಡವನೆಂದು ತೆಳ್ಳಗೆ, ಸಾಹುಕಾರನೆಂದು ಗಟ್ಟಿಗೆ ಬಡಿಸುವ ಕೈ ನರಕಕ್ಕೆ ಹೋಗುತ್ತದೆ. ಕೈಯ ಹಿಂದೆ ಉಳಿದ ದೇಹವೂ ಹೋಗುತ್ತದೆ. ಶರಣರ ಮನೆತನದಲ್ಲಿ ಇದೇನೂ ಹೊಸ ಮಾತಲ್ಲ. ಆದರೆ ಬೇರೆ ಮನೆಗಳಲ್ಲಿ ಅದು ಮನುಷ್ಯರಲ್ಲಿಗೆ ನಿಲ್ಲುತ್ತದೆ.

ನಾಯಿ ಔರಾದಿನದು, ಭಾವಮೈದುನ ಕೊಟ್ಟದ್ದು. ಕೆಂಚು ಬಣ್ಣ, ಎತ್ತರದ ಕಾಲು, ಬುದ್ಧಿ ಸಾಧಾರಣ. ಬೆಕ್ಕು ಬೀದರಿನದು, ಅಕ್ಕ ತನ್ನ ನಾದಿನಿಯ ಮನೆಯಿಂದ ರೊಟ್ಟಿ ಬುಟ್ಟಿಯಲ್ಲಿಟ್ಟು, ಮೇಲೆ ಸೆರಗು ಮುಚ್ಚಿ, ಬಸ್ಸಿನಲ್ಲಿ ತಂದದ್ದು. ಕಂಡಕ್ಟರು ಬುಟ್ಟಿ ಮಿಯಾಂವ್ ಅಂದದ್ದು ಕೇಳಿ ತಿರುಗಿ ನೋಡಿದನಂತೆ. ಅಕ್ಕ, "ರೊಟ್ಟಿ ಬಿಸಿ ಅವ, ಒದರ್ತಾವ" ಅಂದಳಂತೆ. ಈ ಬೆಕ್ಕು ಬಿಳಿಯದು, ಬಾಲ ಮಾತ್ರ ಕರಿದು. ಹಗಲೆಲ್ಲ ಅಕ್ಕನ ಮಡಿಲಲ್ಲಿ ಇರುತ್ತದೆ. "ನನಗೇನು ಅದರ ಮ್ಯಾಲ ಹೆಚ್ಚಿನ ಪ್ರೀತಿ ಇಲ್ಲ" ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಾಳೆ. ಹೇಳುವಾಗ ಅದರ ಗಂಟಲು ಕೆರೆಯುತ್ತಿರುತ್ತಾಳೆ.

ನಾಯಿಗೆ ಒಂದು ರೊಟ್ಟಿಯಾದರೆ ಬೆಕ್ಕಿಗೂ ರೊಟ್ಟಿಯ ತುಂಡು. ಬೆಕ್ಕಿಗೆ ಹಾಲಾದರೆ ನಾಯಿಗೂ ಹಾಲು. ನಾಯಿ ಹಾಲನ್ನು ಒಂದೇ ಗುಟುಕಿಗೆ ಮುಗಿಸಿ ಬೆಕ್ಕಿನ ಬಟ್ಟಲ ಕಡೆ ನೋಡುತ್ತದೆ. ಬೆಕ್ಕು ರೊಟ್ಟಿಯನ್ನು ಮೂಸಿ ಅಕ್ಕನ ಕಡೆ ನೋಡುತ್ತದೆ. ಸಮಾನತೆಯಿಂದ ಇಬ್ಬರಿಗೂ ಅಷ್ಟೇನೂ ಸಂತೋಷವಾದಂತೆ ಕಾಣುತ್ತಿರಲಿಲ್ಲ; ಆದರೆ ಸಮಾನತೆ ಸಂತೋಷಕ್ಕಾಗಿ ಇರುವುದಲ್ಲ.

ಉಣ್ಣಿಯ ವಿಷಯವನ್ನು ನಾನು ಭಾವಮೈದುನನಿಗೆ ಫೋನಿನಲ್ಲಿ ತಿಳಿಸಿದೆ. ಅವನು ಹೊಲ ಮಾಡುವವನು. ದನದ ಮೈಯ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿಲ್ಲ, ಗೊತ್ತಿಲ್ಲದ್ದನ್ನೂ ಹೇಳುತ್ತಾನೆ.

"ಅದರಾಗೇನದ ಮಾವ? ತಂಬಾಕಿನ ನೀರು ಕುದಿಸಿ ಹಚ್ರಿ."

"ನಾಯಿ ನೆಕ್ಕಿದರೆ?"

"ನೆಕ್ಕಿದ್ರ ಎರಡು ದಿನ ಚಟ ಹತ್ತೀತು. ಬ್ಯಾಡಂದ್ರ ಎಮ್ಮಿಗಿ ಹೊಡಿಯೋ ದವಾ ಅದ, ಕಳಸ್ತೇನಿ. ಒಂದು ಮುಚ್ಚಳ ಬಕೇಟಿಗಿ ಹಾಕಿ ನಾಯಿನ ಅದ್ದಿ ತಗೀರಿ."

"ಎಮ್ಮೆಯ ಅಳತೆ ನಾಯಿಗೆ ಹೇಗೆ ಸರಿಹೋಗುತ್ತದೆ?"

"ಅಳತಿ ಗಿಳತಿ ಏನ್ರಿ, ಉಣ್ಣಿಗೇನು ಗೊತ್ತಾಗ್ತದ ತಾ ಎಮ್ಮಿ ಮ್ಯಾಲ ಅದನೋ ನಾಯಿ ಮ್ಯಾಲ ಅದನೋ?"

ತರ್ಕ ಉಣ್ಣಿಯ ಕಡೆಯಿಂದ ನಿರ್ದುಷ್ಟವಾಗಿತ್ತು. ನಾಯಿಯ ಕಡೆಯಿಂದ ಯೋಚಿಸಿ ನಾನು ಬೇಡವೆಂದೆ.

ಅಕ್ಕನದು ಇನ್ನೊಂದೇ ನಿಲುವು. ಉಣ್ಣಿಯೂ ಜೀವ. ಕೊಲ್ಲಬಾರದು. ಹಾಗಾಗಿ ನಾನು ಪಡಸಾಲೆಯಲ್ಲಿ ಕೂತು ಚಿಮಟಿಗೆಯಿಂದ ಉಣ್ಣಿಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಗೆ ಹಾಕುವುದು, ಅಕ್ಕ ಆ ತಟ್ಟೆಯನ್ನು ಒಯ್ದು ಕಾಂಪೌಂಡಿನ ಆಚೆ ಖಾಲಿ ಜಾಗದಲ್ಲಿ, "ಹೋಗ್ರಿ, ಎಲ್ಲ್ಯಾರ ಚೊಲೊ ಇರ್ರಿ" ಎಂದು ಹರಸಿ ಬಿಡುವುದು ಎಂದು ನಿರ್ಧಾರವಾಯಿತು. ಅವು ಆಕೆಯ ಆಶೀರ್ವಾದವನ್ನು ಪಡೆದು, ಎಲ್ಲಾದರೂ ಚೆನ್ನಾಗಿರಲು ನಮ್ಮ ಮನೆಯನ್ನೇ ಆರಿಸಿಕೊಂಡವು. ಗೋಡೆಯ ಬಿರುಕುಗಳಲ್ಲಿ ಮೊಟ್ಟೆಯಿಟ್ಟವು. ಒಂದು ದಿನ ಅಕ್ಕ ಲಿಂಗಪೂಜೆಗೆ ಕೂತಾಗ ಎದುರಿನ ಗೋಡೆಯ ಮೇಲೆ ಒಂದು ಉಣ್ಣಿ ನಿಧಾನವಾಗಿ ಏರುತ್ತಿತ್ತು. ಅಕ್ಕ ಕಣ್ಣು ಮುಚ್ಚಿದಳು. ತೆರೆದಾಗ ಅದು ವಿಭೂತಿಯ ಗೂಡಿನ ಪಕ್ಕದಲ್ಲಿತ್ತು. ಧರ್ಮ ಮರುಪರಿಶೀಲನೆಗೆ ಹೋಗಿದೆಯೆಂದು ಆಕೆಯ ಮುಖ ನೋಡಿದರೆ ತಿಳಿಯುತ್ತಿತ್ತು.

ತೀರ್ಪು ಬಂದದ್ದು ನಾಯಿ ಊಟ ಬಿಟ್ಟಾಗ. ರೊಟ್ಟಿ ಹಾಗೆಯೇ ಉಳಿಯಿತು, ಹಾಲು ಹಾಗೆಯೇ ಉಳಿಯಿತು. ಮರುದಿನ ಮುಂಜಾನೆ ಅದರ ಮೂಗಿನಿಂದ ರಕ್ತ ಬಂತು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕರಕೊಂಡು ನಡಿ ದವಾಖಾನಿಗಿ."

"ಉಣ್ಣಿಗಳನ್ನು ಕೊಲ್ಲಲು ಔಷಧ ಕೊಡುತ್ತಾರೆ, ಅಕ್ಕ."

"ಕೊಡ್ಲಿ. ಕರೀದೆ ಬಂದು, ಬಡಸದೆ ಉಣ್ಣಾವು ಪಂಕ್ತ್ಯಾಗ ಬರಂಗಿಲ್ಲ."

ನಮ್ಮ ಮನೆಯ ಸಂವಿಧಾನಕ್ಕೆ ಆದ ಮೊದಲ ತಿದ್ದುಪಡಿ ಅದು.

ಭಾಲ್ಕಿಯ ಪಶುವೈದ್ಯರು ಹೆಚ್ಚಾಗಿ ಎಮ್ಮೆ, ಎತ್ತುಗಳ ಸಹವಾಸದವರು. ನಾಯಿಯನ್ನು ನೋಡಿ ಅವರಿಗೆ ಸಣ್ಣ ಕೆಲಸ ಸಿಕ್ಕ ಸಮಾಧಾನವಾಯಿತು. ರಕ್ತ ತೆಗೆದು ನೋಡಿ, ಇದು ಉಣ್ಣಿ ಜ್ವರ ಎಂದರು. ಉಣ್ಣಿ ರಕ್ತ ಕುಡಿದು ಸುಮ್ಮನೆ ಹೋಗುವುದಿಲ್ಲ, ರೋಗವನ್ನು ಬಿಟ್ಟು ಹೋಗುತ್ತದೆ. ಅದಕ್ಕೆ ಗುಳಿಗೆ, ಒಂದು ದಿನವೂ ತಪ್ಪಿಸಬಾರದು. ಆಮೇಲೆ ಸಣ್ಣ ನಳಿಗೆಯೊಂದರ ತುದಿ ಮುರಿದು, ಅದರೊಳಗಿನ ಎಣ್ಣೆಯಂಥ ಔಷಧವನ್ನು ನಾಯಿಯ ಹೆಗಲ ನಡುವೆ, ಕೂದಲು ಸರಿಸಿ, ಚರ್ಮದ ಮೇಲೆ ಬಿಟ್ಟರು. ಮುಂದಿನ ತಿಂಗಳಿಗೆಂದು ಇನ್ನೊಂದು ನಳಿಗೆ ಕೊಟ್ಟರು.

"ನಾಯಿ ಮ್ಯಾಲ ಇರಾವು ಕಮ್ಮಿರಿ. ಮನ್ಯಾಗ ಇರಾವೇ ಜಾಸ್ತಿ. ಗ್ವಾಡಿ ಬಿರುಕು ಮುಚ್ರಿ, ಹಾಸಿಗಿ ಬಿಸಿನೀರಾಗ ತೊಳೀರಿ. ಬೆಕ್ಕು ಅದ ಅಂದ್ರಲ್ಲ, ಎರಡಕ್ಕೂ ಹೊಟ್ಟ್ಯಾಗಿನ ಹುಳಕ್ಕ ಗುಳಿಗಿ ಕೊಡ್ತೇನಿ. ಅವರವರ ತೂಕದ ಮ್ಯಾಲ."

ಈ ಕೊನೆಯ ಮಾತೇ ನಮ್ಮನ್ನು ಹಾಳು ಮಾಡಿದ್ದು. ವೈದ್ಯರ ತಪ್ಪೇನಿಲ್ಲ. ಹುಳದ ಗುಳಿಗೆ ಎರಡಕ್ಕೂ ಕೊಡುವುದು ಸರಿಯಾದ ಮಾತೇ. ಅಕ್ಕ ನಾಯಿಯ ಗುಳಿಗೆಯನ್ನು ರೊಟ್ಟಿಯಲ್ಲಿ ಬೆಣ್ಣೆ ಹಚ್ಚಿ ಸುತ್ತಿ ಕೊಟ್ಟಳು. ಬೆಕ್ಕಿನದನ್ನು ಪುಡಿ ಮಾಡಿ ತುಪ್ಪದಲ್ಲಿ ಕಲಸಿ ಅದರ ಮುಂಗಾಲಿಗೆ ಬಳಿದಳು, ಅದು ಸಿಟ್ಟಿನಿಂದ ನೆಕ್ಕಿಕೊಂಡಿತು. ಮರುದಿನ ಎರಡೂ ತಮ್ಮ ತಮ್ಮ ಹುಳಗಳನ್ನು ಹಿತ್ತಲಿಗೆ ಅರ್ಪಿಸಿದವು. ಅಕ್ಕನಿಗೆ ಪರಮ ತೃಪ್ತಿಯಾಯಿತು. ಔಷಧದಲ್ಲಿಯೂ ಪಂಕ್ತಿ ನಡೆಯುತ್ತದೆಂದು ಆಕೆಗೆ ಖಾತ್ರಿಯಾಯಿತು. ಒಂದೇ ಒಂದು ಲೋಪ ಉಳಿದಿತ್ತು: ಹೆಗಲ ಮೇಲಿನ ಎಣ್ಣೆ ನಾಯಿಗೆ ಸಿಕ್ಕಿತ್ತು, ಬೆಕ್ಕಿಗೆ ಸಿಕ್ಕಿರಲಿಲ್ಲ.

ನಾನು ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತುವುದರಲ್ಲಿ ಮುಳುಗಿದ್ದೆ. ಹೆಂಡತಿ ಹಾಸಿಗೆಗಳನ್ನು ಬಿಸಿನೀರಿಗೆ ಹಾಕಿದ್ದಳು. ಅಕ್ಕ ಜಗುಲಿಯ ಮೇಲೆ ಕೂತು ಬೆಕ್ಕಿನ ಕೂದಲು ಸರಿಸುತ್ತಿದ್ದುದನ್ನು ಇಬ್ಬರೂ ಕಂಡೆವು. ದಿನವೂ ಸರಿಸುತ್ತಾಳೆ, ಅದರಲ್ಲಿ ವಿಶೇಷವೇನೂ ಇರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಹೆಂಡತಿ, "ಇದರ ಕಿವಿ ನೋಡ್ರಿ" ಅಂದಳು. ಬೆಕ್ಕಿನ ಕಿವಿ ಗಾಳಿ ಬಡಿದ ಎಲೆಯಂತೆ ಅದಿರುತ್ತಿತ್ತು. ನೊಣ ಕೂತಿರಬೇಕೆಂದೆ. ಸ್ವಲ್ಪ ಹೊತ್ತಿಗೆ ಬೆಕ್ಕಿನ ಬಾಯಿಂದ ಜೊಲ್ಲು ಸುರಿಯತೊಡಗಿತು. ಎದ್ದು ನಡೆಯಲು ಹೋಗಿ, ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆಯಾಗಿ ಬಿತ್ತು. ಆಮೇಲೆ ಇಡೀ ಮೈ ನಡುಗಲು ಹತ್ತಿತು.

"ಏನಾರ ತಿಂದದೇನ್ರಿ ಅಕ್ಕೋರ?" ಹೆಂಡತಿ ಕೇಳಿದಳು.

"ತಿಂದಿಲ್ಲ." ಅಕ್ಕನ ದನಿ ಸಣ್ಣಗಾಗಿತ್ತು. "ನಾಯಿದು ದವಾ ಹಚ್ಚೀನಿ. ಅರ್ಧಾ. ಮೈ ಸಣ್ಣದು ಅಂತ ಅರ್ಧಾ ಹಚ್ಚೀನಿ."

ನಾನು ಔಷಧದ ಪೊಟ್ಟಣವನ್ನು ತಂದು ನೋಡಿದೆ. ಅದರ ಮೇಲೆ ಬೆಕ್ಕಿನ ಚಿತ್ರವಿತ್ತು. ಚಿತ್ರದ ಮೇಲೆ ಅಡ್ಡವಾಗಿ ದಪ್ಪನೆಯ ಕೆಂಪು ಗೆರೆ ಇತ್ತು.

"ಇದನ್ನು ನೋಡಲಿಲ್ಲವೇ ಅಕ್ಕ?"

"ನೋಡೀನಿ. ಯಾಕ ನೋಡಿಲ್ಲ? ಬೆಕ್ಕಿಗಿ ಗೆರಿ ಎಳದಾರ." ಅಕ್ಕ ಬೆಕ್ಕನ್ನು ಎದೆಗೆ ಒತ್ತಿಕೊಂಡು ಹೇಳಿದಳು. "ಭೇದ ಮಾಡಾವ್ರು ಎಲ್ಲಾ ಕಡಿ ಇರ್ತಾರ, ಕಂಪನ್ಯಾಗೂ ಇರ್ತಾರ ಅಂತ ತಿಳ್ಕೊಂಡೆ."

ನಾನು ಪೊಟ್ಟಣ ಕೆಳಗಿಟ್ಟು ಎದ್ದೆ.

ವೈದ್ಯರಿಗೆ ಫೋನು ಮಾಡಿದೆ. ಅವರು ಯಾವುದೋ ಹಳ್ಳಿಯಲ್ಲಿ ಎಮ್ಮೆಯ ಹೆರಿಗೆಯಲ್ಲಿದ್ದರು. ಹಿನ್ನೆಲೆಯಲ್ಲಿ ಎಮ್ಮೆ ತನ್ನ ಅಭಿಪ್ರಾಯವನ್ನು ಹೇಳುತ್ತಿತ್ತು. ವಿಷಯ ಕೇಳಿದೊಡನೆ ಅವರ ಮಾತಿನ ವೇಗ ಬದಲಾಯಿತು.

"ಬೆಕ್ಕಿಗಿ ಅದು ವಿಷ ಆಗ್ತದರಿ! ಮೊದಲು ತೊಳೀರಿ. ಭಾಂಡಿ ತಿಕ್ಕೋ ಸೋಪಿನ ನೀರ್ಲೆ ತೊಳೀರಿ. ಉಗುರು ಬೆಚ್ಚಗಿನ ನೀರು, ಸುಡೋದು ಬ್ಯಾಡ. ನೆಕ್ಕಾಕ ಬಿಡಬ್ಯಾಡ್ರಿ. ಒರಸಿ ಬೆಚ್ಚಗ ಸುತ್ತಿ ಸೀದಾ ಬೀದರಿಗಿ ಒಯ್ರಿ. ಇಲ್ಲಿ ನನ್ನ ಹತ್ರ ಅದಕ್ಕ ಬೇಕಾದ ಸಾಮಾನಿಲ್ಲ. ತಡಾ ಮಾಡಬ್ಯಾಡ್ರಿ."

ಬೆಕ್ಕಿಗೆ ಸ್ನಾನ ಮಾಡಿಸುವುದು ಸಾಮಾನ್ಯವಾಗಿ ಯುದ್ಧ. ಆ ದಿನ ಅದು ಯುದ್ಧವಾಗಲಿಲ್ಲ. ಉಗುರು ತೆಗೆಯುವ ಶಕ್ತಿಯೂ ಅದಕ್ಕಿರಲಿಲ್ಲ, ಅದೇ ನಮ್ಮನ್ನು ಹೆದರಿಸಿದ್ದು. ಅಕ್ಕ ಪಾತ್ರೆ ತಿಕ್ಕುವ ಸೋಪಿನಿಂದ ಅದರ ಹೆಗಲು ತಿಕ್ಕಿ, ತೊಳೆದು, ಮತ್ತೆ ತಿಕ್ಕಿ, ಮತ್ತೆ ತೊಳೆದಳು. ನೆನೆದ ಬೆಕ್ಕು ಅರ್ಧದಷ್ಟಾಗಿ ಕಂಡಿತು. ಅಕ್ಕ ಹಬ್ಬಕ್ಕೆ ಉಡುವ ಇಳಕಲ್ ಸೀರೆಯಲ್ಲಿ ಅದನ್ನು ಸುತ್ತಿದಳು. ಟವೆಲ್ಲು ಕೈಗೆ ಎಟುಕುವಲ್ಲೇ ಇತ್ತು.

ದೈವವೋ, ತೊಗರಿಯೋ, ಭಾವಮೈದುನ ಅದೇ ದಿನ ಭಾಲ್ಕಿಯ ಪೇಟೆಗೆ ತೊಗರಿ ತಂದಿದ್ದ. ಖಾಲಿಯಾದ ಪಿಕಪ್ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ಚಹಾ ಕುಡಿಯಲೆಂದು ಒಳಗೆ ಬಂದವನನ್ನು ಹಾಗೆಯೇ ಹೊರಗೆ ತಿರುಗಿಸಿದೆವು. ಮುಂದಿನ ಸೀಟಿನಲ್ಲಿ ಅವನು, ಅಕ್ಕ, ಅಕ್ಕನ ಮಡಿಲಲ್ಲಿ ಬೆಕ್ಕು, ಬಾಗಿಲಿಗೆ ಒತ್ತಿಕೊಂಡು ನಾನು. ಹೆಂಡತಿ ನಾಯಿಯ ಗುಳಿಗೆಗಾಗಿ ಮನೆಯಲ್ಲಿ ಉಳಿದಳು.

ಭಾವಮೈದುನನಿಗೆ ಮೌನ ಒಗ್ಗುವುದಿಲ್ಲ. ಊರು ದಾಟುವುದರೊಳಗೆ ಶುರು ಮಾಡಿದ.

"ನಾ ಮೊದಲೇ ಹೇಳಿದ್ದೆ, ಎಮ್ಮಿ ದವಾ ಹಚ್ರಿ ಅಂತ."

"ಅದನ್ನು ಹಚ್ಚಿದ್ದರೆ ನಾಯಿ, ಬೆಕ್ಕು ಎರಡನ್ನೂ ಒಯ್ಯಬೇಕಾಗುತ್ತಿತ್ತು," ನಾನೆಂದೆ.

"ಹಂಗಲ್ಲ ಮಾವ. ಅಕ್ಕೋರು ಎಮ್ಮಿ ದವಾ ಅಂದ್ರ ನಿಮಗೂ ಒಂದು ಮುಚ್ಚಳ ಹಚ್ತಿದ್ರು. ಭೇದ ಆಗಬಾರದಲ್ಲ?"

ಬೇರೆ ದಿನವಾಗಿದ್ದರೆ ಅಕ್ಕ ಅವನ ಅಪ್ಪ, ಅಜ್ಜ, ಅವರ ಹೊಲದ ಬದುವಿನವರೆಗೂ ಉತ್ತರ ಕೊಡುತ್ತಿದ್ದಳು. ಆ ದಿನ ಮಡಿಲನ್ನೇ ನೋಡುತ್ತ ಕೂತಿದ್ದಳು. ಸೀರೆಯ ಗಂಟಿನೊಳಗೆ ನಡುಕ ಎದ್ದು ಕಾಣುತ್ತಿತ್ತು. ಅಕ್ಕ ಬಗ್ಗಿ, "ನಾನೇ ನಿನಗ ವಿಷಾ ಬಡಸಿದೆನೇನ ಕೂಸ" ಅಂದಳು. ಭಾವಮೈದುನ ನನ್ನ ಕಡೆ ನೋಡಿ, ಬಾಯಿ ಮುಚ್ಚಿ, ಗಾಡಿಯ ವೇಗ ಹೆಚ್ಚಿಸಿದ. ಬೀದರಿನವರೆಗೆ ಅವನು ಮಾತಾಡಲಿಲ್ಲ. ನಾನು ಕಂಡಂತೆ ಅವನ ಜೀವನದ ಅತಿ ದೀರ್ಘ ಮೌನ ಅದು.

ಬೀದರಿನ ಆಸ್ಪತ್ರೆಯಲ್ಲಿದ್ದವರು ಹರೆಯದ ವೈದ್ಯೆ. ನೋಡಿದೊಡನೆ ಬೆಕ್ಕನ್ನು ಒಳಗೊಯ್ದು, ಕಾಲಿಗೆ ಸೂಜಿ ಹಾಕಿ ಸಲಾಯಿನ್ ಹಚ್ಚಿ, ನಡುಕ ಇಳಿಸುವ ಔಷಧ ಕೊಟ್ಟರು. ಹೊರಗೆ ಬಂದು ನನ್ನನ್ನು ವಿಚಾರಿಸಿದರು. ಉತ್ತರ ಕೊಟ್ಟದ್ದು ಅಕ್ಕ.

"ನಾನೇ ಹಚ್ಚೀನ್ರಿ ಡಾಕ್ಟರ. ನಾಯಿಗಿ ಹಚ್ಚಿದ್ರು. ಇದಕ್ಕ ಯಾರೂ ಹಚ್ಚಿರಲಿಲ್ಲ."

"ನಾಯಿ ಮೈ ಆ ಔಷಧ ಅರಗಿಸ್ಕೋತದರಿ ಅಮ್ಮಾ. ಬೆಕ್ಕಿನ ಲಿವರಿಗಿ ಆ ತಾಕತ್ತಿಲ್ಲ. ಒಳಗ ಹಂಗೇ ಉಳೀತದ, ನರಕ್ಕ ಹತ್ತತದ."

ಅಕ್ಕ ಕೇಳಿದಳು, "ಅಂದ್ರ, ಹುಟ್ಟಸಾಗಲೇ ಶಿವ ಭೇದ ಮಾಡ್ಯಾನ?"

ವೈದ್ಯೆ ಎಷ್ಟು ಓದಿದ್ದರೂ ಈ ಪ್ರಶ್ನೆ ಅವರ ಪರೀಕ್ಷೆಯಲ್ಲಿ ಬಂದಿರಲಿಕ್ಕಿಲ್ಲ. ಆದರೂ ತಡವರಿಸಲಿಲ್ಲ. "ಊಟದಾಗ ನೀವು ಮಾಡಬ್ಯಾಡ್ರಿ. ಔಷಧದಾಗ ಮಾಡ್ರಿ. ಬೆಕ್ಕಿಗಿ ಉಣ್ಣಿ, ಚಿಗಟ ಆಗಬಾರದು ಅಂದ್ರ ಅದರದೇ ಬ್ಯಾರೆ ಔಷಧ ಅದ. ಬೇಗ ತೊಳದ್ರಿ, ಅದೊಂದು ಚೊಲೊ ಆಗ್ಯದ. ನಡುಕ ನಿಂತು ತಾನಾಗಿ ಏನಾರ ಉಂಡ್ರ ಉಳೀತದ. ಅಲ್ಲೀತನಕ ನಾ ಏನೂ ಹೇಳಂಗಿಲ್ಲ."

ಅಕ್ಕ ಆ ಮಾತನ್ನು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ಬೆಕ್ಕು ಉಣ್ಣುವವರೆಗೆ ತಾನೂ ಉಣ್ಣುವುದಿಲ್ಲ. ಪಂಕ್ತಿಯಲ್ಲಿ ಒಬ್ಬರು ಉಪವಾಸ ಕೂತಾಗ ಇನ್ನೊಬ್ಬರು ತುತ್ತೆತ್ತುವುದು ಹೇಗೆ? ಅಕ್ಕ ಉಣ್ಣದಿದ್ದರೆ ನಾನು ಉಣ್ಣುವಂತಿಲ್ಲ. ನಾನು ಉಣ್ಣದಿದ್ದರೆ ಭಾವಮೈದುನ ಉಣ್ಣುವಂತಿಲ್ಲ. ಹೀಗೆ ಒಂದು ಬೆಕ್ಕಿನ ಹೊಟ್ಟೆಗೆ ಮೂರು ಮನುಷ್ಯರ ಹೊಟ್ಟೆಗಳನ್ನು ಕಟ್ಟಲಾಯಿತು.

ಆ ರಾತ್ರಿ ಅಕ್ಕನ ನಾದಿನಿಯ ಮನೆಯಲ್ಲಿ, ಬೆಕ್ಕು ಹುಟ್ಟಿದ ಮನೆಯಲ್ಲಿಯೇ, ತಂಗಿದೆವು. ಆಕೆ ರೊಟ್ಟಿ, ಬೇಳೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಮಾಡಿ ಮುಂದಿಟ್ಟಳು. ಅಕ್ಕ ತಟ್ಟೆ ಸರಿಸಿದಳು. ನಾನು ಸರಿಸಿದೆ. ಭಾವಮೈದುನ ತಟ್ಟೆಯನ್ನು ಬಹಳ ಹೊತ್ತು ನೋಡಿ, ಕಟ್ಟಕಡೆಗೆ ಸರಿಸಿದ.

ಮುಂಜಾನೆ ಅವನು ಗಾಡಿಗೆ ಗಾಳಿ ಹಾಕಿಸಿ ಬರುತ್ತೇನೆಂದು ಹೋದ. ಗಾಳಿ ಹಾಕಿಸಲು ಸಾಕಷ್ಟು ಹೊತ್ತು ಹಿಡಿಯಿತು. ಬಂದಾಗ ಮೀಸೆಯಲ್ಲಿ ಸುಸಲಾದ, ಅಂದರೆ ಮಂಡಕ್ಕಿ ಒಗ್ಗರಣೆಯ, ಒಂದು ಚುರಮುರಿ ಅಂಟಿತ್ತು, ಮೆಣಸಿನಕಾಯಿ ಭಜಿಯ ವಾಸನೆ ಅವನಿಗಿಂತ ಮುಂದೆ ಬಂತು.

ಅಕ್ಕ ಮೀಸೆಯನ್ನು ನೋಡಿದಳು. "ಗಾಡಿಗಿ ಗಾಳಿ ಬರೋಬ್ಬರಿ ತುಂಬ್ತೇನಪ್ಪಾ?"

"ತುಂಬ್ತರಿ ಅಕ್ಕೋರ."

"ಮೀಸಿ ಒರಸ್ಕೋ. ಸೋರ್ಲಿಕ್ಕತ್ತದ."

ಅಕ್ಕ ಮಾತಾಡಿದಳಲ್ಲ ಎಂದು ನನಗೆ ಎಷ್ಟೋ ಧೈರ್ಯವಾಯಿತು. ಆದರೆ ಆಸ್ಪತ್ರೆಯಲ್ಲಿ ಬೆಕ್ಕು ಮಲಗಿದಲ್ಲೇ ಇತ್ತು. ನಡುಕ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಅಕ್ಕ ಪಂಜರದ ಮುಂದೆ ನೆಲದ ಮೇಲೆ ಕೂತಳು. ಕುರ್ಚಿ ಕೊಟ್ಟರೂ ಏರಲಿಲ್ಲ; ಬೆಕ್ಕು ಕೆಳಗಿರುವಾಗ ತಾನು ಮೇಲೆ ಕೂರುವುದೂ ಭೇದವೇ. ಬಗದಲ್ ಕಡೆಯಿಂದ ಮೇಕೆ ತಂದಿದ್ದ ಒಬ್ಬ ಹೆಂಗಸು, "ಯಾರಿಗಿ ಆರಾಮಿಲ್ರಿ ಅಮ್ಮಾ?" ಎಂದು ಕೇಳಿದಳು. ಅಕ್ಕ, "ನಮ್ಮನ್ಯಾಗಿನವರಿಗಿ" ಅಂದಳು. ಹೆಂಗಸು ಸುತ್ತಲೂ ಮನೆಯವರನ್ನು ಹುಡುಕಿ, ನನ್ನನ್ನು ಕಂಡು, ಕನಿಕರದಿಂದ ನೋಡಿದಳು.

ಸಂಜೆಯ ಹೊತ್ತಿಗೆ ನಡುಕ ನಿಂತಿತು. ಬೆಕ್ಕು ತಲೆ ಎತ್ತಿತು. ವೈದ್ಯೆ ಬಟ್ಟಲಲ್ಲಿ ಅದಕ್ಕೆಂದೇ ಇರುವ ಮೆತ್ತನೆಯ ಆಹಾರವನ್ನಿಟ್ಟರು. ಅದರಲ್ಲಿ ಮೀನು ಇತ್ತು. ವಾಸನೆಗೆ ಅಕ್ಕನ ಮೂಗು ಒಮ್ಮೆ ಅರಳಿ ಮುಚ್ಚಿತು. ನಮ್ಮ ಮನೆತನದಲ್ಲಿ ಯಾರೂ ಮೀನು ಮುಟ್ಟಿದವರಲ್ಲ, ಬೆಕ್ಕನ್ನೂ ಸೇರಿಸಿ. ಬೆಕ್ಕು ಮೂಸಿತು. ನೆಕ್ಕಿತು. ಆಮೇಲೆ ಇಷ್ಟು ದಿನ ಜೋಳದ ರೊಟ್ಟಿಯ ಮೇಲೆ ತನಗಿದ್ದ ಅಭಿಪ್ರಾಯವನ್ನು ಸ್ಪಷ್ಟಪಡಿಸುವ ರೀತಿಯಲ್ಲಿ ಬಟ್ಟಲು ಖಾಲಿ ಮಾಡಿತು.

"ಉಂಡ್ತು," ಅಂದಳು ಅಕ್ಕ. ಕಣ್ಣು ಒರಸಿಕೊಂಡು, "ಏನು ಉಂಡ್ತು ಅಂತ ನನಗ ಯಾರೂ ಹೇಳಬ್ಯಾಡ್ರಿ."

ಹೊರಗೆ ಬಂದು ಮೂವರೂ ಉಂಡೆವು. ಭಾವಮೈದುನ ಎರಡನೆಯ ಸಲ ಉಂಡ. ಹಸಿವೆಯಲ್ಲಿ ನಮ್ಮಿಬ್ಬರಿಗಿಂತ ಹಿಂದೆ ಬೀಳಲಿಲ್ಲ.

ಸಲಾಯಿನ್ ಬಿಡಿಸಿದ ಮೇಲೆ ಬೆಕ್ಕನ್ನು ಭಾಲ್ಕಿಗೆ ತಂದೆವು. ನಾಯಿ ಬಾಲ ಅಲ್ಲಾಡಿಸುತ್ತ ಮೂಸಲು ಬಂತು. ಅಕ್ಕ ಅದರ ಹೆಗಲನ್ನು ಮುಟ್ಟಿ ನೋಡಿ, ಎಣ್ಣೆ ಪೂರಾ ಒಣಗಿದೆಯೆಂದು ಖಾತ್ರಿ ಮಾಡಿಕೊಂಡೇ ಹತ್ತಿರ ಬಿಟ್ಟಳು. ಆಮೇಲೆ ರೊಟ್ಟಿಯನ್ನೂ ಹಾಲನ್ನೂ ಎರಡಕ್ಕೂ ಬಡಿಸಿದಳು. ಬೆಕ್ಕು ರೊಟ್ಟಿಯನ್ನು ಮೂಸಿ, ಬೀದರಿನ ದಿಕ್ಕಿಗೆ ನೋಡಿತು.

ಈಗ ನಾಯಿಯ ಔಷಧ ನನ್ನ ಕಪಾಟಿನಲ್ಲಿದೆ, ಬೆಕ್ಕಿನದು ಅಕ್ಕನ ಟ್ರಂಕಿನಲ್ಲಿ. ಗೋಡೆಯ ಬಿರುಕುಗಳನ್ನು ಮುಚ್ಚಿಯಾಗಿದೆ. ನಾಯಿಯ ಜ್ವರ ಹೋಗಿದೆ. ಬೆಕ್ಕು ಬದುಕಿದೆ.